82 ಎಂಎಂ ಕರೆಂಟ್ ರಂದಾ: ಕಲಬುರಗಿಯಲ್ಲಿ ಮೂರು ವರ್ಷ ಓಡಿಸಿದ ಮೇಲೆ

ಕರೆಂಟ್ ರಂದಾ ಎಂದರೆ ಕಟ್ಟಿಗೆ ಹೆರೆದು ಸಮ ಮಾಡುವ ಕೈ ಮಷೀನು (ಪ್ಲೇನರ್). ಮಷೀನಿನ ವಿವರ ಮೊದಲು: ಹೆರೆಯುವ ಅಗಲ 82 ಎಂಎಂ, 620 ವ್ಯಾಟ್, ಖಾಲಿ ಓಟದಲ್ಲಿ ನಿಮಿಷಕ್ಕೆ 16,000 ಸುತ್ತು, ಒಂದು ಸಲಕ್ಕೆ ಹೆಚ್ಚೆಂದರೆ 1 ಎಂಎಂ ಆಳ. ತಳದ ನಡುವೆ ತಿರುಗುವ ಡ್ರಮ್ಮಿಗೆ ಎರಡು ಬ್ಲೇಡು, ಬೆಲ್ಟಿನ ಮೇಲೆ ಓಟ. ಬೆಲೆ ನಾಲ್ಕು ಸಾವಿರದ ಆಸುಪಾಸು. ಕಂಪನಿ ಹೆಸರು ಬರೆದಿಲ್ಲ. ಈ ಬೆಲೆಯಲ್ಲಿ ಒಂದೇ ಅಚ್ಚಿನ ಮಷೀನು ಬೇರೆ ಬೇರೆ ಸ್ಟಿಕ್ಕರಿನಲ್ಲಿ ಬರುತ್ತದೆ, ಗುಣದೋಷ ಬಹುಪಾಲು ಎಲ್ಲಕ್ಕೂ ಒಂದೇ. ಬಳಕೆ ಭಾನುವಾರಕ್ಕೊಮ್ಮೆ ಎರಡು-ಮೂರು ತಾಸು. ಕಟ್ಟಿಗೆ ಬೇವು, ಕರಿಜಾಲಿ, ಹಳೆ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ತೊಲೆ. ಮಾಡಿದ್ದು ಮಣೆ, ರೊಟ್ಟಿ ಹಲಗೆ, ಸ್ಟೂಲು, ಒಂದು ದೇವರ ಮನೆ ಬಾಗಿಲು.

ಅಂಕ: ಐದಕ್ಕೆ ಮೂರೂವರೆ. ಸಾ ಮಿಲ್ಲಿನಿಂದ ಬಂದ ಒರಟು ಹಲಗೆಯ ಎರಡು ಸೂತು (ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ) ಇಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮೂರು ಫೂಟು ಉದ್ದ, ಎಂಟು ಇಂಚು ಅಗಲದ ಜಾಲಿ ಹಲಗೆಗೆ ಕೈ ರಂದಾದಲ್ಲಿ ಮುಕ್ಕಾಲು ತಾಸು ಬೆವರು ಸುರಿಸಬೇಕು, ಇದರಲ್ಲಿ ಹತ್ತು ನಿಮಿಷ ಸಾಕು. ಆದರೆ ಹಲಗೆ ಸಮ ಆಗುವುದು ನಮ್ಮ ಕಣ್ಣಿನಿಂದಲೇ. ಇದನ್ನು ತಂದರೆ ಕೈ ರಂದಾ ಮೂಲೆಗೆ ಎಂದುಕೊಂಡವರು ಮೊದಲ ವಾರವೇ ನಿರಾಶರಾಗುತ್ತಾರೆ. ಕಡೆಯ ಎರಡು ಮೂರು ಪದರ ಇವತ್ತಿಗೂ ಕೈ ರಂದಾದ್ದೇ.

ಬ್ಲೇಡ್ ಕೂರಿಸುವುದರಲ್ಲಿ ಅರ್ಧ ಆಟ ಮುಗಿಯುತ್ತದೆ. ಹೊಸ ಡಬ್ಬಿಯಿಂದ ತೆಗೆದ ಮಷೀನಿನಲ್ಲೂ ಒಂದು ಬ್ಲೇಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತಗ್ಗಿತ್ತು. ಡಬ್ಬಿಯ ಕಾಗದದಲ್ಲಿ ಅರ್ಧ ಸಾಲು ಬರೆದು ಬಿಟ್ಟಿದ್ದಾರೆ. ಮಾಡುವ ಕ್ರಮ ಹೀಗೆ. ಪ್ಲಗ್ ಕಿತ್ತು ಕೈಗೆ ಕಾಣುವಂತೆ ಇಟ್ಟುಕೊಳ್ಳಿ. ಮಷೀನು ಬೋರಲು ಹಾಕಿ, ಮುಂದಿನ ನಾಬ್ ತಿರುಗಿಸಿ ಆಳ ಪೂರ್ತಿ 1 ಎಂಎಂಗೆ ತನ್ನಿ, ಮುಂದಿನ ತಳ ಅಡ್ಡ ಬರಬಾರದು. ಆರು ಇಂಚಿನ, ಒಂದು ಅಂಚು ತಪ್ಪಿಲ್ಲದೆ ನೇರವಿರುವ ಸಾಗವಾನಿ ಪಟ್ಟಿಯನ್ನು ಹಿಂದಿನ ತಳದ ಮೇಲಿಟ್ಟು ಡ್ರಮ್ಮಿನ ಮೇಲೆ ಚಾಚಿ. ಪಕ್ಕದ ಮುಚ್ಚಳ ತೆಗೆದು ಪುಲ್ಲಿ ಹಿಡಿದು ಡ್ರಮ್ಮನ್ನು ಕೈಯಿಂದ ನಿಧಾನ ತಿರುಗಿಸಿದರೆ ಬ್ಲೇಡು ಪಟ್ಟಿಯನ್ನು ಮುಟ್ಟಿ ಒಂದು-ಎರಡು ಎಂಎಂ ಎಳೆದು ಬಿಡಬೇಕು. ಏನೂ ಎಳೆಯದಿದ್ದರೆ ಬ್ಲೇಡು ತಗ್ಗು, ಐದಾರು ಎಂಎಂ ಎಳೆದರೆ ಎತ್ತರ. ಎಡ ತುದಿ, ಬಲ ತುದಿ ಎರಡರಲ್ಲೂ ನೋಡಿ, ಆಮೇಲೆ ಎರಡನೇ ಬ್ಲೇಡು. ಹೀಗೆ ನಾಲ್ಕು ಕಡೆ ಎಳೆತ ಒಂದೇ ಬರುವವರೆಗೂ ಬೋಲ್ಟು ಬಿಗಿ ಮಾಡಬೇಡಿ. ಬಿಗಿ ಮಾಡುವಾಗಲೂ ಒಂದನ್ನೇ ಪೂರ್ತಿ ತಿರುಗಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ. ಹತ್ತು ನಿಮಿಷ ಓಡಿಸಿ, ಪ್ಲಗ್ ಕಿತ್ತು ಮತ್ತೊಮ್ಮೆ ಪಾನಾ (ಸ್ಪ್ಯಾನರ್) ಹಾಕಿ ನೋಡಿ.

ಬ್ಲೇಡು ಎತ್ತರ ಕೂತಿದ್ದರೆ ಹಲಗೆಯ ಕೊನೆಯಲ್ಲಿ ಎರಡು ಇಂಚು ಉದ್ದದ ಗುಂಡಿ ಬೀಳುತ್ತದೆ. ಮುಂದಿನ ತಳ ಹಲಗೆ ಬಿಟ್ಟ ಕೂಡಲೇ ಹಿಂದಿನ ತಳ ಕೆಳಗೆ ಕುಸಿಯುವುದೇ ಕಾರಣ. ತಗ್ಗಿದ್ದರೆ ಮಷೀನು ಮುಂದೆ ಹೋಗುತ್ತಾ ಹೋಗುತ್ತಾ ಹೊಟ್ಟು ಬರುವುದೇ ನಿಲ್ಲುತ್ತದೆ. ಎರಡರಲ್ಲಿ ಒಂದೇ ಬ್ಲೇಡು ಕೆಲಸ ಮಾಡುತ್ತಿದ್ದರೆ ಅದು ಬೇರೆ ಬಗೆಯ ಗುರುತು ಬಿಡುತ್ತದೆ: ನಿಮಿಷಕ್ಕೆ ನಾಲ್ಕು ಮೀಟರಿನಂತೆ ತಳ್ಳಿದರೆ ಎರಡು ಬ್ಲೇಡಿನ ಲೆಕ್ಕದಲ್ಲಿ ಪ್ರತಿ 0.125 ಎಂಎಂಗೆ ಒಂದು ಕಡಿತ, ಒಂದೇ ಬ್ಲೇಡಾದರೆ 0.25 ಎಂಎಂಗೆ ಒಂದು. ಬರಿಗಣ್ಣಿಗೆ ನುಣುಪು ಎನಿಸಿದ ಹಲಗೆಯನ್ನು ಸಂಜೆ ಓರೆ ಬಿಸಿಲಿಗೆ ಹಿಡಿಯಿರಿ, ಇಲ್ಲವೇ ಒಂದು ಕೈ ಎಣ್ಣೆ ಸವರಿ. ಹೊಲದ ಸಾಲಿನಂತೆ ಅಲೆ ಎದ್ದು ಕಾಣುತ್ತದೆ. ರೊಟ್ಟಿ ಹಲಗೆಗೆ ಕುಸುಬಿ ಎಣ್ಣೆ ಹಚ್ಚಿದ ಮೇಲೆ ಕಂಡ ಅಲೆಯನ್ನು ಪಾಲಿಶ್ ಪೇಪರಿನಿಂದ ತೆಗೆಯುವುದೆಂದರೆ ಅರ್ಧ ದಿನದ ಕೆಲಸ, ಎಣ್ಣೆಗೆ ಪೇಪರೂ ಕಟ್ಟಿಕೊಳ್ಳುತ್ತದೆ.

ಇದರ ಜೊತೆ ಬರುವುದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡು, ಅಗಲ 29, ದಪ್ಪ 3 ಎಂಎಂ. ಸಾಣೆ ಹಿಡಿಯಬಹುದು ಎಂಬುದೇ ಇದರ ದೊಡ್ಡ ಲಾಭ. ಎರಡನ್ನೂ ಒಟ್ಟಿಗೆ ಹಿಡಿಯುವ ಹೋಲ್ಡರ್ ಡಬ್ಬಿಯಲ್ಲೇ ಇರುತ್ತದೆ, ಬಹಳ ಮಂದಿ ಅದೇನೆಂದು ತಿಳಿಯದೆ ಎಸೆಯುತ್ತಾರೆ. ಅದರಲ್ಲಿ ಸಿಕ್ಕಿಸಿ 1000 ನಂಬರಿನ ನೀರುಗಲ್ಲಿನ ಮೇಲೆ ಉಜ್ಜಿದರೆ ಎರಡೂ ಸಮನಾಗಿ ಸವೆಯುತ್ತವೆ. ಸಾಣೆಯವನ ಚಕ್ರಕ್ಕೆ ಕೊಟ್ಟರೆ ಒಂದು ಹೆಚ್ಚು, ಒಂದು ಕಡಿಮೆ ಸವೆದು ತೂಕ ತಪ್ಪುತ್ತದೆ. 16,000 ಸುತ್ತಿನಲ್ಲಿ ಒಂದು ಗ್ರಾಂ ವ್ಯತ್ಯಾಸವೆಂದರೆ ಡ್ರಮ್ಮನ್ನು ಸುಮಾರು ಐದು ಕೆಜಿ ಬಲ ಒಂದೇ ಪಕ್ಕಕ್ಕೆ ಜಗ್ಗಿದಂತೆ. ಕೈ ಜುಮ್ಮೆನ್ನುವುದು ಇರಲಿ, ಬೇರಿಂಗ್ ಮೊದಲು ಸಾಯುತ್ತದೆ. ಇನ್ನೊಂದು ಜಾತಿಯ ಮಷೀನಿಗೆ 5.5 ಎಂಎಂ ಅಗಲದ ಕಾರ್ಬೈಡ್ (ಉಕ್ಕಿಗಿಂತ ಗಡಸು, ಆದರೆ ಬೇಗ ಚೂರಾಗುವ ಲೋಹ) ಪಟ್ಟಿ ಬರುತ್ತದೆ. ಎರಡೂ ಅಂಚು ಬಳಸಿ ಎಸೆಯುವಂಥದ್ದು, ಕೂರಿಸುವುದೂ ಸುಲಭ, ಅಂಚೂ ಬಹಳ ದಿನ ನಿಲ್ಲುತ್ತದೆ, ಆದರೆ ಒಂದು ಮೊಳೆ ತಾಗಿದರೆ ಚೂರು ಹಾರಿ ಆ ಅಂಚು ಅಲ್ಲಿಗೇ ಮುಗಿಯಿತು. ಹಳೆ ತೊಲೆ ಕೆಲಸ ಹೆಚ್ಚಿದ್ದರೆ ಎಚ್‌ಎಸ್‌ಎಸ್ಸೇ ವಾಸಿ.

ಹಳೆ ತೊಲೆಯ ಮಾತು ಬಂತು. ಈ ಭಾಗದಲ್ಲಿ ಒಳ್ಳೆ ಸಾಗವಾನಿ ಸಿಗುವುದೇ ಹಳೆ ಮನೆಗಳಿಂದ. ಆದರೆ ತಲೆ ಮುರಿದ ಮೊಳೆ ಒಳಗೇ ಉಳಿದಿರುತ್ತದೆ, ಮೇಲೆ ಸುಣ್ಣ ಗಚ್ಚು ಅಂಟಿರುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆ ಮೇಲೆ ಅರ್ಧ ಇಂಚು ಎತ್ತರದಲ್ಲಿ ಸಾಗಿಸಿ, ದಾರ ಓರೆಯಾದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹಿತ್ತಾಳೆ ಮೊಳೆಗೆ ಇದು ಕೆಲಸಕ್ಕೆ ಬಾರದು, ಕಪ್ಪು ಚುಕ್ಕಿ ಕಂಡಲ್ಲೆಲ್ಲ ಉಳಿಯ ಮೂಲೆಯಿಂದ ಕೆದಕಿ ನೋಡುವುದೇ ಗತಿ. ಗಚ್ಚನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಹೊಲದಲ್ಲಿ ಎರೆ ಮಣ್ಣಿನ ಮೇಲೆ ಬಿದ್ದಿದ್ದ ಜಾಲಿ ಕಟ್ಟಿಗೆಗೂ ಇದೇ ನಿಯಮ. ಮಣ್ಣಿನಲ್ಲಿರುವ ಸುಣ್ಣಗಲ್ಲಿನ ಹರಳು ಬ್ಲೇಡಿನ ಅಂಚು ಒಂದೇ ಎಳೆತಕ್ಕೆ ಗರಗಸ ಮಾಡಿಬಿಡುತ್ತದೆ.

ಕಟ್ಟಿಗೆ ಬದಲಾದಂತೆ ಆಳವೂ ಬದಲಾಗಬೇಕು. ಹಳೆ ಸಾಗವಾನಿ 1 ಎಂಎಂ ಆಳಕ್ಕೂ ಬೆಣ್ಣೆ. ಜಾಲಿಗೆ ಅರ್ಧ ಎಂಎಂ ಮೀರಬೇಡಿ. ಬಂಡಿ ಗಾಲಿಗೆ, ಕುಂಟೆಗೆ ಹಾಕುವ ಕಟ್ಟಿಗೆ ಅದು, ಮೋಟಾರಿನ ಸದ್ದು ಇಳಿಯಿತೆಂದರೆ ಹೆಚ್ಚಾಯಿತು ಅಂತಲೇ ಅರ್ಥ. ಬೇವಿನ ತೊಂದರೆ ಬೇರೆ. ಅದರ ಎಳೆ ಒಂದು ಪಟ್ಟಿಯಲ್ಲಿ ಈ ಕಡೆ, ಪಕ್ಕದ ಪಟ್ಟಿಯಲ್ಲಿ ಆ ಕಡೆ ಮಲಗಿರುತ್ತದೆ, ಯಾವ ದಿಕ್ಕಿನಿಂದ ತಳ್ಳಿದರೂ ಎಲ್ಲೋ ಒಂದು ಕಡೆ ಕಿತ್ತು ಬರುತ್ತದೆ. 0.2 ಎಂಎಂ ಆಳ, ನಿಧಾನ ತಳ್ಳುವಿಕೆ, ಹೊಸ ಸಾಣೆ: ಮೂರೂ ಸೇರಿದರೆ ಕಿತ್ತುವುದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದಕ್ಕೆ ಸ್ಕ್ರೇಪರ್ ಪತ್ರೆ (ಕೈಯಿಂದ ಹೆರೆಯುವ ಉಕ್ಕಿನ ತಗಡು).

ಹಸಿ ಬೇವನ್ನು ಇದಕ್ಕೆ ಕೊಡಲೇಬೇಡಿ. ಒದ್ದೆ ಹೊಟ್ಟು ಬಾಯಿಯಲ್ಲಿ ಕಟ್ಟಿಕೊಂಡು ಹೊರಗೆ ಬರುವುದಿಲ್ಲ, ಕಡ್ಡಿಯಿಂದ ಕೆದರಬೇಕು (ಪ್ಲಗ್ ಕಿತ್ತು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ). ಜೊತೆಗೆ, ಹಸಿಯಲ್ಲಿ ಸಮ ಮಾಡಿದ ಹಲಗೆ ಏಪ್ರಿಲ್-ಮೇ ಬಿಸಿಲಿಗೆ ಬಟ್ಟಲಾಗುತ್ತದೆ. ಕಟ್ಟಿಗೆ ವರ್ಷದ ಉಂಗುರದ ಗುಂಟ ಕುಗ್ಗುವುದು ಉಂಗುರಕ್ಕೆ ಅಡ್ಡವಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು, ಹಾಗಾಗಿ ಬಾಗುವುದು ತಪ್ಪದು. ಕಟ್ಟಿಗೆ ಒಣಗಿದ ಮೇಲೂ ಎರಡು ಕಂತಿನಲ್ಲಿ ಮಾಡಿ. ಮೊದಲು ಒರಟು ತೆಗೆದು ಬೇಕಾದ ದಪ್ಪಕ್ಕಿಂತ ಒಂದು ಸೂತು ಹೆಚ್ಚು ಬಿಡಿ. ಒಂದೂವರೆ ಫೂಟಿಗೊಂದು ಅಡ್ಡಪಟ್ಟಿ ಇಟ್ಟು, ಬಿಸಿಗಾಳಿ ನೇರ ಹೊಡೆಯದ ನೆರಳಲ್ಲಿ ಮೂರು ವಾರ ಪೇರಿಸಿ. ತುದಿಗಳಿಗೆ ಹಳೆ ಪೇಂಟ್ ಬಳಿಯದಿದ್ದರೆ ಅಲ್ಲಿಂದಲೇ ಸೀಳು ಶುರು.

ಇನ್ನು ಸಮ ಮಾಡುವುದು. ಹಲಗೆಯನ್ನು ನೆಲದ ಶಹಾಬಾದ್ ಫರ್ಶಿಯ (ಹಾಸುಗಲ್ಲಿನ) ಮೇಲಿಟ್ಟು ಅಲ್ಲಾಡುತ್ತದೆಯೇ ಎಂದು ನೋಡುವುದು ನಮ್ಮ ಕಡೆ ರೂಢಿ. ಫರ್ಶಿಯೇ ಉಬ್ಬು ತಗ್ಗು, ಎರಡು ಫರ್ಶಿಯ ಸಂದಿನಲ್ಲಿ ಇಟ್ಟಿರೋ ಕೇಳುವುದೇ ಬೇಡ. 10 ಎಂಎಂ ಗಾಜಿನ ತುಂಡು ಅಥವಾ ಗಿಲಾಯಿಯವರು (ಗೋಡೆಗೆ ಪ್ಲಾಸ್ಟರ್ ಮಾಡುವವರು) ಬಳಸುವ ಅಲ್ಯೂಮಿನಿಯಂ ಪಟ್ಟಿಯನ್ನು ನಂಬಿ. ಹಲಗೆಯ ಎರಡು ತುದಿಗೆ ಎರಡು ನೇರ ಪಟ್ಟಿ ಅಡ್ಡ ಇಟ್ಟು, ಕಣ್ಣು ಅವುಗಳ ಮಟ್ಟಕ್ಕೆ ತಂದು ನೋಡಿದರೆ ತಿರುಚು ತಿಳಿಯುತ್ತದೆ. ಎತ್ತರದ ಮೂಲೆಗಳಿಗೆ ಪೆನ್ಸಿಲ್ ಗೀಚಿ, ಮೊದಲು ಓರೆಯಾಗಿ ಮೂಲೆಯಿಂದ ಮೂಲೆಗೆ, ಆಮೇಲೆ ಉದ್ದಕ್ಕೆ. ಆರಂಭದಲ್ಲಿ ಭಾರ ಮುಂದಿನ ನಾಬ್ ಮೇಲೆ, ಕೊನೆಗೆ ಬರುವಾಗ ಹಿಂದಿನ ಹಿಡಿಕೆ ಮೇಲೆ. ಮಷೀನಿನ ತಳವೇ ಒಂದು ಫೂಟಿಗೂ ಕಡಿಮೆ, ಆದ್ದರಿಂದ ಎರಡೂವರೆ ಫೂಟು ದಾಟಿದ ಹಲಗೆಯಲ್ಲಿ ಅದು ಉಬ್ಬು ತಗ್ಗನ್ನು ಅನುಸರಿಸಿ ಹತ್ತಿ ಇಳಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ.

ಅಂಚು ಜೋಡಿಸಲು ಕೊಟ್ಟಿರುವ ಪಕ್ಕದ ಗೈಡ್ ಶುದ್ಧ ದಂಡ. ತಗಡು ಬಾಗುತ್ತದೆ, 90 ಡಿಗ್ರಿ ಎನ್ನುವುದು ಬರೀ ಹೆಸರಿಗೆ. ಬದಲಿಗೆ ಒಂದು ಇಂಚಿನ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದಂತೆ ಮುಖಕ್ಕೆ ಮುಖ ಕ್ಲ್ಯಾಂಪ್ ಮಾಡಿ, ಎರಡರ ಅಂಚನ್ನೂ ಒಟ್ಟಿಗೆ ಹಾಯಿಸಿ. ಸೇರಿ ಎರಡು ಇಂಚು, 82 ಎಂಎಂ ಒಳಗೆ ಆರಾಮಾಗಿ ಕೂರುತ್ತದೆ. ಕೋನ ಎರಡು ಡಿಗ್ರಿ ತಪ್ಪಿದರೂ ಪುಸ್ತಕ ಬಿಚ್ಚಿದಾಗ ಒಂದರ ತಪ್ಪನ್ನು ಇನ್ನೊಂದು ತುಂಬಿ ಮೇಲ್ಮೈ ಸಮ ಬರುತ್ತದೆ. ಆಮೇಲೆ ಕೈ ರಂದಾದಿಂದ ಒಂದೆರಡು ಎಳೆ ತೆಗೆದರೆ ಬೆಳಕು ತೂರದ ಸಂದು. ಫೆವಿಕಾಲ್ ಮಾತ್ರ ಬೇಸಿಗೆಯಲ್ಲಿ ಬೆಳಗಿನ ಏಳರೊಳಗೆ ಹಚ್ಚಿ. ಮಧ್ಯಾಹ್ನ 42 ಡಿಗ್ರಿಯಲ್ಲಿ ಎರಡನೇ ಹಲಗೆಗೆ ಸವರುವಷ್ಟರಲ್ಲಿ ಮೊದಲನೆಯದರ ಮೇಲೆ ಕೆನೆ ಕಟ್ಟಿರುತ್ತದೆ.

ಕರೆಂಟಿನ ವಿಷಯದಲ್ಲಿ ಎಲ್ಲರೂ ದಪ್ಪ ವೈರು ಹಾಕಿ ಎನ್ನುತ್ತಾರೆ. ಲೆಕ್ಕ ಹಾಕಿದರೆ ಈ ಮಷೀನು ಎಳೆಯುವುದು ಮೂರು ಆಂಪಿಯರಿಗೂ ಕಡಿಮೆ. 0.75 ಚದರ ಎಂಎಂ ತಾಮ್ರದ 20 ಮೀಟರ್ ವೈರಿನಲ್ಲಿ ಬೀಳುವುದು ಮೂರು ವೋಲ್ಟು. ನಿಜವಾದ ತೊಂದರೆ ಮನೆಗೆ ಬರುವ ವೋಲ್ಟೇಜೇ. ಬೇಸಿಗೆ ಸಂಜೆ ಓಣಿಯ ಕೂಲರುಗಳೆಲ್ಲ ಚಾಲೂ ಆದಾಗ ಅದು 190ಕ್ಕೆ ಇಳಿದರೆ ಮಷೀನು ನಿಲ್ಲುವುದಿಲ್ಲ, ಸುತ್ತು ಕಡಿಮೆಯಾಗುತ್ತದೆ, ಜೋರು ಮಾಡಿ ತಳ್ಳಿದರೆ ಬಿಸಿಯಾಗುತ್ತದೆ. ಆಗ ಆಳ ಅರ್ಧಕ್ಕಿಳಿಸಿ. ಸಡಿಲ ಸಾಕೆಟ್ಟು ಇದಕ್ಕಿಂತ ಕೆಟ್ಟದ್ದು. ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ ಸಾಕೆಟ್ ಬದಲಿಸಿ.

ಮೂರು ವರ್ಷದಲ್ಲಿ ಹೋದದ್ದು ಎರಡು ಬೆಲ್ಟು, ಒಂದು ಜೊತೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು), ಡ್ರಮ್ಮಿನ ಒಂದು ಬೇರಿಂಗ್. ಬೆಲ್ಟು ಸಾಯುವುದು ಬಿಸಿಯಿಂದ ಮತ್ತು ಹೊಟ್ಟಿನಿಂದ. ಮುಚ್ಚಳದೊಳಗೆ ನುಣ್ಣನೆಯ ಪುಡಿ ಸೇರಿ ಪುಲ್ಲಿಯ ಗೀರಿನಲ್ಲಿ ಗಟ್ಟಿಯಾದರೆ ಬೆಲ್ಟು ಜಾರಿ ರಬ್ಬರ್ ವಾಸನೆ ಬರುತ್ತದೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಆ ಪುಡಿ ತೆಗೆಯಿರಿ. ಹೊಸ ಬೆಲ್ಟನ್ನು ಸಣ್ಣ ಪುಲ್ಲಿಗೆ ಮೊದಲು ಹಾಕಿ, ದೊಡ್ಡದಕ್ಕೆ ಅಂಚು ಸಿಕ್ಕಿಸಿ ಕೈಯಿಂದ ತಿರುಗಿಸಿದರೆ ತಾನೇ ಏರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ದಾರ ಹರಿಯುತ್ತದೆ. ಕಾರ್ಬನ್ ಬ್ರಷ್ಷು ಸವೆದು 6 ಎಂಎಂಗೆ ಬಂದಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್ ನಂಬರು ಅದರ ಸೀಲಿನ ಮೇಲೇ ಇರುತ್ತದೆ, ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಬೆಲ್ಟಿನ ಪಾಡು ಹಾಗಲ್ಲ, ಪೇಟೆಯಲ್ಲಿ ಸಿಗದೆ ಸೊಲ್ಲಾಪುರದಿಂದ ತರಿಸಬೇಕಾಯಿತು.

ಮಷೀನನ್ನು ಬೋರಲು ಕೂರಿಸುವ ಕಬ್ಬಿಣದ ಸ್ಟ್ಯಾಂಡ್ ಮಾರುತ್ತಾರೆ. ಬೇಡ. ಸ್ವಿಚ್ಚನ್ನು ಲಾಕ್ ಮಾಡಿಯೇ ಓಡಿಸಬೇಕಾಗುತ್ತದೆ, ಬ್ಲೇಡಿನ ಮೇಲೆ ಮುಚ್ಚಳ ಇರುವುದಿಲ್ಲ, ಒಂದು ಫೂಟಿಗಿಂತ ಚಿಕ್ಕ ತುಂಡು ಜಿಗಿದರೆ ಬೆರಳು ನೇರ ಡ್ರಮ್ಮಿಗೆ. ಸ್ವಿಚ್ ಬಿಟ್ಟ ಮೇಲೂ ಡ್ರಮ್ ಹಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಈ ಬೆಲೆಯ ಮಷೀನಿಗೆ ತಳ ಎತ್ತಿ ನಿಲ್ಲಿಸುವ ಹಿಂಗಾಲು ಇಲ್ಲ, ಫರ್ಶಿ ಮೇಲೆ ಹಾಗೇ ಇಟ್ಟರೆ ಬ್ಲೇಡೂ ಹೋಯಿತು ಫರ್ಶಿಯೂ ಹೋಯಿತು. ಬೆಂಚಿನ ಮೇಲೆ ಒಂದು ಇಂಚಿನ ಪಟ್ಟಿ ಹೊಡೆದು ಅದರ ಮೇಲೆ ಮುಂಭಾಗ ಒರಗಿಸಿ ಇಡಿ. ಹೆಗಲ ಮೇಲಿನ ಟವೆಲ್ ಮನೆಯೊಳಗೇ ಇರಲಿ. ಬೇವಿನ ಪುಡಿಗೆ ಮೂಗಿಗೆ ಮಾಸ್ಕ್ ಬೇಕು, ಇಲ್ಲದಿದ್ದರೆ ರಾತ್ರಿಯವರೆಗೂ ಸೀನು, ಗಂಟಲೆಲ್ಲ ಕಹಿ.

ಅಂಗಡಿಯಲ್ಲಿ ಕೊಳ್ಳುವಾಗ ಆನ್ ಮಾಡಿ ಸದ್ದು ಕೇಳಿಸುವುದನ್ನೇ ನೋಡಿ ಒಪ್ಪಬೇಡಿ. ಸ್ಟೀಲ್ ಸ್ಕೇಲ್ ಒಯ್ದು, ನಾಬ್ ಸೊನ್ನೆಗೆ ತಂದು, ಮುಂದಿನ ಮತ್ತು ಹಿಂದಿನ ತಳದ ಮೇಲೆ ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು ಬೆಳಕಿಗೆ ಹಿಡಿಯಿರಿ. ಎರಡು ತಳ ಒಂದಕ್ಕೊಂದು ತಿರುಚಿಕೊಂಡಿದ್ದರೆ ಬ್ಲೇಡು ಎಷ್ಟು ಚೆನ್ನಾಗಿ ಕೂರಿಸಿದರೂ ಸರಿಹೋಗುವುದಿಲ್ಲ, ಇನ್ನೊಂದು ಡಬ್ಬಿ ಬಿಚ್ಚಿಸಿ. ಬಿಲ್ಲಿನ ಜೊತೆಗೇ ಅದೇ ಮಾಡೆಲ್ಲಿನ ಎರಡು ಬೆಲ್ಟು ಕಟ್ಟಿಸಿಕೊಳ್ಳಿ.