ಸಾಫ್ಟ್ ಮಷೀನ್: 'ಥರ್ಡ್', 'ಸಿಕ್ಸ್', 'ಬಂಡಲ್ಸ್'. ದುಡ್ಡು ಯಾವುದಕ್ಕೆ?

ರಾಕ್ ಮತ್ತು ಜಾಜ್ ಬೆರೆಸಿ ನುಡಿಸುವ ಸಾಫ್ಟ್ ಮಷೀನ್ ಬ್ಯಾಂಡಿನ ಒಂದೇ ಆಲ್ಬಂ ಕೊಳ್ಳುವಷ್ಟು ದುಡ್ಡಿದ್ದರೆ 'ಥರ್ಡ್' ಕೊಳ್ಳಿ. ಅದರಲ್ಲೂ ಎಲ್‌ಪಿ ಬೇಡ, 2007ರಲ್ಲಿ ಬಂದ ಎರಡು ಸಿಡಿಗಳ ಸೆಟ್ ಸಾಕು. ನನ್ನ ಹತ್ತಿರ ಎರಡೂ ಇವೆ. ಎಲ್‌ಪಿ ಕಪಾಟಿನಲ್ಲಿ ಚೆಂದವಾಗಿ ಕೂತಿದೆ. ಸಿಡಿ ಮಾತ್ರ ಪ್ಲೇಯರ್ ಬಿಟ್ಟು ಹೊರಗೆ ಬರುವುದೇ ಕಡಿಮೆ. 'ಸಿಕ್ಸ್', 'ಬಂಡಲ್ಸ್' ಎರಡನ್ನೂ ಅದರ ಜೊತೆಗಿಟ್ಟು ಕೇಳಿದ್ದೇನೆ, ಆ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಈ ಬ್ಯಾಂಡಿನಲ್ಲಿ ಆಲ್ಬಂ ಆರಿಸುವುದು ಕಷ್ಟ, ಯಾಕೆಂದರೆ ಹೆಸರು ಒಂದೇ ಆದರೂ ಒಳಗಿರುವ ಜನ ಬದಲಾಗುತ್ತಲೇ ಇರುತ್ತಾರೆ. 1966ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಶುರುವಾದಾಗ ರಾಬರ್ಟ್ ವಯಾಟ್ ಡ್ರಮ್ಸ್ ಬಾರಿಸುತ್ತಾ ಹಾಡುತ್ತಿದ್ದರು. ಕೆವಿನ್ ಏಯರ್ಸ್ ಬಾಸ್, ಡೇವಿಡ್ ಅಲೆನ್ ಗಿಟಾರ್, ಮೈಕ್ ರಾಟ್ಲೆಜ್ ಆರ್ಗನ್. ಅಲೆನ್ ಆಸ್ಟ್ರೇಲಿಯಾದವರು. 1967ರಲ್ಲಿ ಫ್ರಾನ್ಸ್‌ನಿಂದ ವಾಪಸ್ ಬರುವಾಗ ಬ್ರಿಟನ್ ಅವರನ್ನು ಒಳಗೇ ಬಿಡಲಿಲ್ಲ. ಅವರು ಫ್ರಾನ್ಸ್‌ನಲ್ಲೇ ಉಳಿದು ಗಾಂಗ್ ಅನ್ನುವ ಇನ್ನೊಂದು ಬ್ಯಾಂಡ್ ಕಟ್ಟಿದರು. ಏಯರ್ಸ್ ಮೊದಲ ಆಲ್ಬಂ ಮುಗಿಸಿ ಹೊರಟರು, ಆ ಜಾಗಕ್ಕೆ ಹ್ಯೂ ಹಾಪರ್ ಬಂದರು. ವಯಾಟ್ 1971ರಲ್ಲಿ ಹೋದರು, ಹಾಪರ್ 1973ರಲ್ಲಿ, ರಾಟ್ಲೆಜ್ 1976ರಲ್ಲಿ. ಅಲ್ಲಿಗೆ ಶುರು ಮಾಡಿದವರು ಒಬ್ಬರೂ ಉಳಿಯಲಿಲ್ಲ. ಹಾಗಾಗಿ 'ಸಾಫ್ಟ್ ಮಷೀನ್ ಹೇಗಿದೆ' ಅಂತ ಯಾರಾದರೂ ಕೇಳಿದರೆ, ಯಾವ ವರ್ಷದ್ದು ಅಂತ ನಾನು ತಿರುಗಿ ಕೇಳಬೇಕಾಗುತ್ತದೆ.

1970ರ 'ಥರ್ಡ್' ಎರಡು ಎಲ್‌ಪಿಗಳ ಆಲ್ಬಂ. ನಾಲ್ಕು ಮಗ್ಗುಲು, ನಾಲ್ಕೇ ರಚನೆಗಳು. ಒಂದೊಂದೂ 18-19 ನಿಮಿಷ. ಮೊದಲನೆಯದು ಹಾಪರ್ ಬರೆದ 'ಫೇಸ್‌ಲಿಫ್ಟ್'. ಶುರುವಿನಲ್ಲಿ ರಾಟ್ಲೆಜ್ ತಮ್ಮ ಲೌರಿ ಆರ್ಗನ್ನಿಗೆ ಫಜ್, ಅಂದರೆ ಸದ್ದನ್ನು ಒರಟು ಮಾಡುವ ಪೆಟ್ಟಿಗೆ, ಹಾಕಿ ಕಿರುಚಿಸುತ್ತಾರೆ. ನಾನು ಮೊದಲ ಸಲ ಸ್ಪೀಕರ್‌ನಲ್ಲಿ ಹಾಕಿದಾಗ ಅಮ್ಮ ಅಡುಗೆಮನೆಯಿಂದ 'ಮಿಕ್ಸಿ ಯಾರೋ ಸುಮ್ನೆ ಓಡಿಸ್ತಿದಾರೆ ನೋಡು' ಅಂದಿದ್ದರು. ಆ ಆರ್ಗನ್ನಿನ ಕಥೆ ಮಜವಾಗಿದೆ. ಅಷ್ಟು ಜೋರಾಗಿ ಇಟ್ಟಾಗ ಕೀ ಮೇಲಿಂದ ಬೆರಳೆತ್ತಿದರೆ ಸಾಕು, ಫೀಡ್‌ಬ್ಯಾಕ್ ಕೂಗು ಶುರುವಾಗುತ್ತಿತ್ತು. ಅದಕ್ಕೇ ರಾಟ್ಲೆಜ್ ಸ್ವರ ಬಿಡದೆ, ಉಸಿರು ತೆಗೆದುಕೊಳ್ಳದವರ ಥರ ನುಡಿಸುತ್ತಾ ಹೋದರು. ಅವರ ಶೈಲಿ ಅಂತ ನಾವು ಗುರುತಿಸುವುದರಲ್ಲಿ ಅರ್ಧ ಪಾಲು ಆ ವಾದ್ಯದ ತೊಂದರೆಯಿಂದ ಹುಟ್ಟಿದ್ದು.

ಈಗ ಎಲ್‌ಪಿ ವಿಷಯಕ್ಕೆ ಬರುತ್ತೇನೆ, ನನ್ನ ತಕರಾರು ಇರುವುದು ಅಲ್ಲೇ. ಹಳೇ ರೆಕಾರ್ಡ್ ಮಾರುವವರೊಬ್ಬರ ಹತ್ತಿರ ತೆಗೆದುಕೊಂಡೆ. 'ಹೊಸದರ ಹಾಗಿದೆ ಸಾರ್' ಅಂದಿದ್ದರು. ಮನೆಗೆ ತಂದು ಹಾಕಿದರೆ 'ಫೇಸ್‌ಲಿಫ್ಟ್' ಉದ್ದಕ್ಕೂ ಹಿಂದುಗಡೆ ಒಂದು ಸೊಂಯ್ ಸದ್ದು. ಜೊತೆಗೆ ಚಟಪಟ. ಚಟಪಟ ಅಂದರೆ ಗೀರು, ಧೂಳು. ತಟ್ಟೆ ಒಂದು ಸುತ್ತು ಬರುವಾಗೆಲ್ಲ ಅದೇ ಜಾಗದಲ್ಲಿ ಬರುತ್ತದೆ. ಅದನ್ನು ಮಾರಿದವರ ಲೆಕ್ಕಕ್ಕೆ ಹಾಕಬಹುದು, ತೊಳೆದ ಮೇಲೆ ಸ್ವಲ್ಪ ಕಡಿಮೆಯೂ ಆಯಿತು. ಸೊಂಯ್ ಮಾತ್ರ ಜಗ್ಗಲಿಲ್ಲ. ಸೂಜಿ ಬದಲಾಯಿಸಿದೆ, ಭಾರ ಸರಿ ಮಾಡಿದೆ, ಅರ್ತಿಂಗ್ ವೈರ್ ಬಿಗಿ ಮಾಡಿದೆ. ಊಹೂಂ.

ಆ ಸದ್ದು ರೆಕಾರ್ಡಿಂಗ್‌ನಲ್ಲೇ ಇದೆ. 'ಫೇಸ್‌ಲಿಫ್ಟ್' ಸ್ಟುಡಿಯೋದಲ್ಲಿ ನುಡಿಸಿದ್ದಲ್ಲ. 1970ರ ಜನವರಿಯಲ್ಲಿ ಕ್ರಾಯ್ಡನ್‌ನ ಫೇರ್‌ಫೀಲ್ಡ್ ಹಾಲ್ಸ್‌ನಲ್ಲೂ ಬರ್ಮಿಂಗ್‌ಹ್ಯಾಮ್‌ನ ಮದರ್ಸ್ ಕ್ಲಬ್‌ನಲ್ಲೂ ನಡೆದ ಎರಡು ಕಛೇರಿಗಳ ಟೇಪ್ ಕತ್ತರಿಸಿ ಅಂಟಿಸಿದ್ದು. ಹೆಡ್‌ಫೋನ್‌ನಲ್ಲಿ ಕಿವಿಗೊಟ್ಟು ಕೇಳಿದರೆ ಅಂಟು ಗೊತ್ತಾಗುತ್ತದೆ. ವಾದ್ಯಗಳು ಮುಂದುವರಿಯುತ್ತವೆ, ಆದರೆ ಕೋಣೆ ಬದಲಾಗುತ್ತದೆ. ಸೊಂಯ್ ಕೂಡ ಬೇರೆಯಾಗುತ್ತದೆ. ಕೊನೆಗೆ ಟೇಪನ್ನೇ ಹಿಂದುಮುಂದಾಗಿ ಓಡಿಸಿದ್ದಾರೆ.

ಇದು ಗೊತ್ತಾದ ಮೇಲೆ ಎಲ್‌ಪಿ ಮೇಲಿನ ಆಸೆ ಇಳಿದುಹೋಯಿತು. ಎಲ್‌ಪಿಯ ಬೆಲೆ ಸಿಡಿಯ ನಾಲ್ಕೈದು ಪಟ್ಟು. ಅಷ್ಟು ಕೊಟ್ಟು ಮಬ್ಬು ಟೇಪಿನ ಮಬ್ಬನ್ನು, ಎಲ್‌ಪಿ ಪ್ರಿಯರು ಹೇಳುವ ಹಾಗೆ, ಇನ್ನಷ್ಟು 'ಬೆಚ್ಚಗೆ' ಕೇಳುವುದರಲ್ಲಿ ಏನಿದೆ? ಮೂರು ಸಲ ಎದ್ದು ಮಗ್ಗುಲು ತಿರುಗಿಸಬೇಕು ಬೇರೆ. ಸಿಡಿಯಲ್ಲಿ ನಾಲ್ಕೂ ಸೇರಿ 75 ನಿಮಿಷ, ಒಂದೇ ಡಿಸ್ಕ್. ನಾನು ಕೇಳುವುದು ರಾತ್ರಿ ಊಟ ಆಗಿ ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಕಾಲು ಚಾಚಿ. ಮತ್ತೆ ಮತ್ತೆ ಏಳುವ ವ್ಯವಹಾರ ನನಗೆ ಒಗ್ಗುವುದಿಲ್ಲ. ಎದ್ದು ತಿರುಗಿಸುವುದೇ ಪೂಜೆ ಅನ್ನುವವರು ಇದ್ದಾರೆ, ಅವರು ಎಲ್‌ಪಿಯನ್ನೇ ಕೊಳ್ಳಲಿ. ಸಿಡಿಯಲ್ಲೂ ಸೊಂಯ್ ಪೂರ್ತಿ ಹೋಗಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನ ಕಿವಿಗೆ ಹಾಪರ್ ಅವರ ಬಾಸ್ ಅದರಲ್ಲಿ ಬಿಡಿಸಿ ಕೇಳಿಸಿತು, ಅಷ್ಟೇ.

ಉಳಿದ ಮೂರು ಮಗ್ಗುಲುಗಳಲ್ಲಿ ಈ ರಗಳೆ ಅಷ್ಟಿಲ್ಲ. ರಾಟ್ಲೆಜ್ ಬರೆದ 'ಸ್ಲೈಟ್ಲಿ ಆಲ್ ದ ಟೈಮ್' ಆಲ್ಬಂನಲ್ಲೇ ಅತಿ ಹೆಚ್ಚು ಜಾಜ್. ಎಲ್ಟನ್ ಡೀನ್ ಅವರ ಸ್ಯಾಕ್ಸ್ ಅದರಲ್ಲಿ ಮೆತ್ತಗೆ ಮಾತಾಡುತ್ತದೆ. 'ಔಟ್-ಬ್ಲಡಿ-ರೇಜಸ್' ಟೇಪ್ ಲೂಪ್‌ಗಳಿಂದ, ಅಂದರೆ ಒಂದೇ ತುಣುಕನ್ನು ಮತ್ತೆ ಮತ್ತೆ ತಿರುಗಿಸುವ ಟೇಪ್‌ನಿಂದ, ಶುರುವಾಗುತ್ತದೆ. ಕೀಬೋರ್ಡಿನ ಸ್ವರಗಳು ಒಂದರ ಮೇಲೊಂದು ಬಿದ್ದು ಸುತ್ತುತ್ತಾ ನಿಧಾನಕ್ಕೆ ಮೇಲೆ ಬರುತ್ತವೆ. ಇದರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಟೆರ್ರಿ ರೈಲಿ ಅವರ ಸಂಗೀತದ ನೆರಳು ಚೆನ್ನಾಗಿ ಕಾಣುತ್ತದೆ.

'ಮೂನ್ ಇನ್ ಜೂನ್' ವಯಾಟ್ ಅವರದು. ಆಲ್ಬಂನಲ್ಲಿ ಮಾತಿರುವುದು ಇದೊಂದರಲ್ಲೇ. ಬ್ಯಾಂಡ್ ಪೂರ್ತಿ ವಾದ್ಯಸಂಗೀತದ ಕಡೆ ವಾಲುತ್ತಿತ್ತು, ಇವರಿಗೆ ಹಾಡಬೇಕಿತ್ತು. ಹಾಗಾಗಿ ಮೊದಲರ್ಧದಲ್ಲಿ ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ಅವರೇ ನುಡಿಸಿಕೊಂಡಿದ್ದಾರೆ. ತೆಳ್ಳಗಿನ, ಸ್ವಲ್ಪ ಸೊರಗಿದ ದನಿ. ಮನೆ ನೆನಪಾಗಿ ಒಬ್ಬರೇ ಮಾತಾಡಿಕೊಂಡ ಹಾಗಿದೆ. ಸಾಫ್ಟ್ ಮಷೀನ್ ಆಲ್ಬಂನಲ್ಲಿ ವಯಾಟ್ ಹಾಡಿದ್ದು ಇದೇ ಕೊನೆ. ಮುಂದಿನ ವರ್ಷದ 'ಫೋರ್ತ್'ನಲ್ಲಿ ಬರೀ ಡ್ರಮ್ಸ್ ಬಾರಿಸಿದರು, ಆಮೇಲೆ ಹೊರಟೇ ಹೋದರು. 'ಥರ್ಡ್' ನನಗೆ ಹತ್ತಿರವಾಗಿರುವುದಕ್ಕೆ ಈ 19 ನಿಮಿಷವೇ ದೊಡ್ಡ ಕಾರಣ. ಉಳಿದ ಎರಡು ಆಲ್ಬಂಗಳಲ್ಲಿ ನುಡಿಸಾಣಿಕೆ ಜಾಸ್ತಿ ಇದೆ, ಇಂಥ ಜೀವ ಇಲ್ಲ.

ಸೆಟ್ಟಿನ ಎರಡನೇ ಸಿಡಿಯಲ್ಲಿ 1970ರ ಆಗಸ್ಟ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಪ್ರಾಮ್ಸ್ ಕಛೇರಿ ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆ ಉತ್ಸವದಲ್ಲಿ ಒಂದು ರಾಕ್ ಬ್ಯಾಂಡ್ ನುಡಿಸಿದ್ದು ಅದೇ ಮೊದಲು. ಸಿಗರೇಟು ಸೇದಲು ಹೊರಗೆ ಹೋದ ವಯಾಟ್‌ರನ್ನು ಬಾಗಿಲಲ್ಲಿದ್ದವರು ವಾಪಸ್ ಒಳಗೆ ಬಿಡಲಿಲ್ಲವಂತೆ. ನಾನು ಇಲ್ಲಿ ನುಡಿಸಬೇಕು ಅಂದರೆ, ಇಲ್ಲಿ ಸರಿಯಾದ ಸಂಗೀತ ಮಾತ್ರ ನಡೆಯುತ್ತದೆ ಅಂದರಂತೆ. ಇದನ್ನು ವಯಾಟ್ ಅವರೇ ಹೇಳಿಕೊಂಡಿದ್ದಾರೆ. ಈ ಡಿಸ್ಕಿನಲ್ಲಿ ಇನ್ನೊಂದು 'ಫೇಸ್‌ಲಿಫ್ಟ್' ಸಿಗುತ್ತದೆ, ಕತ್ತರಿ ಹಾಕದೆ ಒಂದೇ ರಾತ್ರಿ ಒಂದೇ ವೇದಿಕೆಯಲ್ಲಿ ನುಡಿಸಿದ್ದು. ನನ್ನ ತಕರಾರಿಗೆ ಪರಿಹಾರ ಅಲ್ಲೇ ಇತ್ತು.

ಈಗ 'ಬಂಡಲ್ಸ್', 1975. 'ಥರ್ಡ್'ಗೆ ನಿಜವಾದ ಪೈಪೋಟಿ ಇದೊಂದೇ. ವರ್ಷಗಟ್ಟಲೆ ಗಿಟಾರ್ ಇಲ್ಲದೆ ನಡೆದ ಬ್ಯಾಂಡಿಗೆ ಗಿಟಾರ್ ವಾದಕ ಅಲನ್ ಹೋಲ್ಡ್ಸ್‌ವರ್ತ್ ಬಂದರು. ಮೊದಲ ಮಗ್ಗುಲು ಹೆಚ್ಚುಕಡಿಮೆ ಪೂರ್ತಿ 'ಹ್ಯಾಜರ್ಡ್ ಪ್ರೊಫೈಲ್', ಐದು ಭಾಗ. ಮೊದಲ ಭಾಗದ ಗಿಟಾರ್ ಕೇಳಿದರೆ ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯುವುದಿಲ್ಲ. ಸ್ವರದ ಮೇಲೆ ಸ್ವರ ಜಾರುತ್ತದೆ, ತಾಳ ಹಾಕುತ್ತಾ ಕೂತರೆ ಕೈ ತಪ್ಪುತ್ತದೆ. ಅದರ ಮುಖ್ಯ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರದ ತುಣುಕು, ಹೊಸದಲ್ಲ. ಆಗ ಬ್ಯಾಂಡಿನಲ್ಲಿದ್ದ ಕಾರ್ಲ್ ಜೆಂಕಿನ್ಸ್ ಹಿಂದೆ ನ್ಯೂಕ್ಲಿಯಸ್ ಬ್ಯಾಂಡಿನಲ್ಲಿದ್ದಾಗ ಬರೆದ 'ಸಾಂಗ್ ಫಾರ್ ದ ಬಿಯರ್ಡೆಡ್ ಲೇಡಿ'ಯಿಂದ ಬಂದಿದ್ದು. ಮುಂದೆ 'ಅಡಿಯೇಮಸ್' ಮಾಡಿ ಹೆಸರಾದ ಜೆಂಕಿನ್ಸ್ ಇವರೇ. ಧ್ವನಿಮುದ್ರಣ ನೀಟಾಗಿದೆ, ಸೊಂಯ್ ಗಿಂಯ್ ಏನೂ ಇಲ್ಲ. ಡ್ರಮ್ಸ್ ಬಾರಿಸಿದ ಜಾನ್ ಮಾರ್ಷಲ್ ಅವರ ಸಿಂಬಲ್ ಕೂಡ ಗಾಜಿನಷ್ಟು ತಿಳಿ.

ಹಾಗಾದರೆ ಇದಕ್ಕೇ ಯಾಕೆ ಮೊದಲ ಸ್ಥಾನ ಇಲ್ಲ? ಎರಡನೇ ಮಗ್ಗುಲು ನನ್ನನ್ನು ಹಿಡಿದಿಡುವುದಿಲ್ಲ. ಚಿಕ್ಕ ಚಿಕ್ಕ ತುಣುಕುಗಳು ಬರುತ್ತವೆ, ಹೋಗುತ್ತವೆ. ನಡುವೆ ಡ್ರಮ್ಸ್ ಮತ್ತು ಗಾಂಗ್‌ (ಜಾಗಟೆಯಂಥ ವಾದ್ಯ) ಗಳದೇ ಒಂದು ತುಣುಕು ಇದೆ, ಅದು ಶುರುವಾದರೆ ನಾನು ನೀರು ಕುಡಿಯಲು ಎದ್ದುಹೋಗುತ್ತೇನೆ. ಆದರೆ ಗಿಟಾರ್ ಕಲಿಯುತ್ತಿರುವವರಿಗೆ, ಮಹಾವಿಷ್ಣು ಆರ್ಕೆಸ್ಟ್ರಾ ಅನ್ನುವ ಜಾಜ್-ರಾಕ್ ಬ್ಯಾಂಡ್ ಕೇಳಿ ಈ ಕಡೆ ಬಂದವರಿಗೆ ನಾನೇ 'ಬಂಡಲ್ಸ್' ಮೊದಲು ಕೊಡುತ್ತೇನೆ.

1973ರ 'ಸಿಕ್ಸ್' ಕೂಡ ಎರಡು ಎಲ್‌ಪಿ, ಒಂದು ಕಛೇರಿಯದು, ಒಂದು ಸ್ಟುಡಿಯೋದ್ದು. ಸ್ಟುಡಿಯೋ ಭಾಗದ 'ದ ಸಾಫ್ಟ್ ವೀಡ್ ಫ್ಯಾಕ್ಟರ್' ಒಂದೇ ಸಣ್ಣ ಸುತ್ತನ್ನು ಬಿಡದೆ ತಿರುಗಿಸುತ್ತಾ ಬೆಳೆಯುತ್ತದೆ. ಕೆಲಸ ಮಾಡುತ್ತಾ ಕೇಳಲು ಬಲು ಚೆನ್ನ. ಕಛೇರಿ ಭಾಗ ಸುಮಾರು.

ಉಳಿದವು ಬೇಗ ಹೇಳಿಬಿಡುತ್ತೇನೆ. ಮೊದಲ ಎರಡು ಆಲ್ಬಂ ಹಾಡು, ತಮಾಷೆ, ಸೈಕೆಡೆಲಿಕ್ ಹುಚ್ಚಾಟ ಬೇಕಾದವರಿಗೆ. 'ಫೋರ್ತ್', 'ಫಿಫ್ತ್' ಜಾಜ್‌ನಲ್ಲೇ ಮುಳುಗಿದವರಿಗೆ. 1976ರ 'ಸಾಫ್ಟ್ಸ್'ನಲ್ಲಿ ಜಾನ್ ಎಥರಿಡ್ಜ್ ಅವರ ಗಿಟಾರ್ ಇದೆ, ಸಿಕ್ಕರೆ ಬಿಡಬೇಡಿ. 1981ರ 'ಲ್ಯಾಂಡ್ ಆಫ್ ಕೊಕೇನ್' ಬಿಡಿ. 2018ರ 'ಹಿಡನ್ ಡೀಟೇಲ್ಸ್' ಒಳ್ಳೇ ಆಲ್ಬಂ. ಅದರಲ್ಲಿ 'ಔಟ್-ಬ್ಲಡಿ-ರೇಜಸ್'ನ ಒಂದು ಭಾಗವನ್ನು ಹೊಸದಾಗಿ ನುಡಿಸಿದ್ದಾರೆ. ಹಳೆಯದನ್ನು ಕೇಳಿದ ಮೇಲೆ ಅದನ್ನು ಕೇಳಿದರೆ ಮಜಾ ಜಾಸ್ತಿ.

ಬಜೆಟ್ ಲೆಕ್ಕ ಹೀಗೆ. 'ಥರ್ಡ್' ಒಂದು ಎಲ್‌ಪಿಯ ದುಡ್ಡಿನಲ್ಲಿ 'ಥರ್ಡ್' ಸಿಡಿ, 'ಬಂಡಲ್ಸ್' ಸಿಡಿ ಎರಡೂ ಬಂದು ಒಂದಿಷ್ಟು ಉಳಿಯುತ್ತದೆ. ಉಳಿದದ್ದಕ್ಕೆ ಒಳ್ಳೆಯ ಹೆಡ್‌ಫೋನ್ ನೋಡಿ. ಸೆಕೆಂಡ್‌ಹ್ಯಾಂಡ್ ಸೆಟ್ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಡಬ್ಬಿ ತೆರೆದು ಎರಡನೇ ಡಿಸ್ಕ್ ಇದೆಯಾ ನೋಡಿಕೊಳ್ಳಿ. ಒಂದೇ ಡಿಸ್ಕ್ ಇದ್ದರೆ ಬೆಲೆಯಲ್ಲಿ ಅರ್ಧ ಇಳಿಸಲು ಹೇಳಿ. ಇಳಿಸದಿದ್ದರೆ ಅಲ್ಲೇ ಇಟ್ಟು ಬನ್ನಿ.