ಅಜ್ಜಿಯ ಹಲ್ಲಿಗೆ ತಾಲ್ಲೂಕು ಆಸ್ಪತ್ರೆಯೋ, ಶಿವಮೊಗ್ಗವೋ, ಊರಿನ ಶಿಬಿರವೋ?

ಹೊಸನಗರದ ಕಡೆಯಿಂದ ಅಜ್ಜಿಯನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಕೇಳಿದ್ದೀರಿ. ಎಷ್ಟು ಸಲ ಓಡಾಡಬೇಕು ಅನ್ನೋದನ್ನು ಮೊದಲು ನೋಡಿ. ಹಲ್ಲು ಕೀಳಿಸಲು ಒಂದೆರಡು ಸಲ ಸಾಕು, ತಾಲ್ಲೂಕು ಆಸ್ಪತ್ರೆಯೇ ಹತ್ತಿರ. ಹಲ್ಲಿನ ಸೆಟ್‌ಗೆ ನಾಲ್ಕೈದು ಸಲ ಬೇಕು. ಸೆಟ್ ಒಸಡಿಗೆ ಉಜ್ಜಿದರೆ ಮತ್ತೆ ತಿದ್ದಿಸಬೇಕು. ಬಿಪಿಎಲ್ ಕಾರ್ಡ್ ಇದ್ದರೆ, ಹಿರಿಯರಿಗೆ ಹಲ್ಲಿನ ಸೆಟ್ ಉಚಿತವಾಗಿ ಕೊಡುವ ದಂತಭಾಗ್ಯ ಯೋಜನೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ.

ಖರ್ಚಿಗೆ ಬಂದರೆ, 2023ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಆದರೆ ಮಲೆನಾಡಿನಲ್ಲಿ ಖಾಸಗಿ ಬಸ್ಸೇ ಜಾಸ್ತಿ ಅಲ್ವಾ, ಅದಕ್ಕೆ ಟಿಕೆಟ್ ಕೊಡಲೇಬೇಕು. ಶಿವಮೊಗ್ಗಕ್ಕೆ ಹೋಗುವುದಾದರೆ ಮಳೆಗಾಲ ಬಿಟ್ಟು ಹೊರಡಿ.

ನಡೆಯಲಾಗದವರಿಗೆ ಶಿಬಿರ ಒಳ್ಳೆಯದು, ಆದರೆ ಹೆಚ್ಚಾಗಿ ತಪಾಸಣೆಯಷ್ಟೇ.

ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಿಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಮಳೆ, ಖರ್ಚು ನೋಡದೆ ಬಾಡಿಗೆ ಕಾರು ಮಾಡಿಯಾದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಿರಿ.