ಪೊಲೀಸ್ ಬಂದೋಬಸ್ತ್: ಫ್ರೀಡಂ ಪಾರ್ಕಿಗೆ ಮೂರು ಸ್ಟಾರ್, ಸುವರ್ಣಸೌಧಕ್ಕೆ ಒಂದೂವರೆ

ವಿಧಾನಸೌಧದ ಎದುರೇ ಧರಣಿ ಕೂರುವ ಕಾಲ ಮುಗಿಯಿತು. 2021ರ ಪ್ರತಿಭಟನಾ ಪರವಾನಗಿ ಆದೇಶ ಬಂದ ಮೇಲೆ ಬೆಂಗಳೂರಿನಲ್ಲಿ ಏನೇ ಇದ್ದರೂ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿನಲ್ಲಿ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಸೆಂಟ್ರಲ್ ಜೈಲು ಅದು. ಪ್ರತಿಭಟನೆಗೆ ಜೈಲಿನ ಜಾಗವನ್ನೇ ಆರಿಸಿದವರ ಹಾಸ್ಯಪ್ರಜ್ಞೆಗೆ ಬೇರೆ ಅಂಕ ಕೊಡಬೇಕು.

ಪಾರ್ಕಿನ ಒಳಗೆ ಕೂತಿರುವವರೆಗೂ ಸೇವೆ ಚೆನ್ನಾಗಿದೆ. ಉಪ್ಪಾರಪೇಟೆ ಠಾಣೆಯವರಿಗೆ ಇದು ದಿನದ ಕೆಲಸ. ಜನರನ್ನು ನೋಡಿದರೇ ಸಂಜೆ ಹೇಗಿರುತ್ತದೆಂದು ಅಂದಾಜು ಮಾಡುತ್ತಾರೆ. ಅರ್ಜಿಯಲ್ಲಿ ದಿನಾಂಕ, ಹೊತ್ತು, ಜನರ ಸಂಖ್ಯೆ, ಸಂಘಟಕರ ಹೆಸರು ಬರೆದು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮೈಕಿಗೂ ಅನುಮತಿ ಬೇಕು. ಇನ್ನೂರು ಜನ ಎಂದು ಬರೆದು ಎರಡು ಸಾವಿರ ಕರೆತಂದರೆ ಬಂದೋಬಸ್ತ್ ಕುಸಿಯುವುದು ಅಲ್ಲೇ, ಅದರಲ್ಲಿ ಪೊಲೀಸರ ತಪ್ಪಿಲ್ಲ. ಸ್ಟಾರ್ ಕಳೆಯುವುದು ಅನುಮತಿ ನಿರಾಕರಣೆ ಬಾಯಿಮಾತಿನಲ್ಲಿ ಬಂದಾಗ. ಕಾಗದ ಇಲ್ಲದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸುವುದಾದರೂ ಯಾವುದನ್ನು? 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೇರಿದ್ದ 144ನೇ ಸೆಕ್ಷನ್ ಕಾನೂನುಬಾಹಿರ ಎಂದು 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಹೇಳಲು ಸಾಧ್ಯವಾದದ್ದು ಆದೇಶ ಲಿಖಿತವಾಗಿ ಇದ್ದದ್ದರಿಂದ.

ಗಲಾಟೆ ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ. ಮನವಿ ತೆಗೆದುಕೊಳ್ಳಲು ಮಂತ್ರಿಯೂ ಇಲ್ಲ, ಅಧಿಕಾರಿಯೂ ಇಲ್ಲ ಎಂದಾಗ ‘ವಿಧಾನಸೌಧ ಚಲೋ’ ಕೂಗು ಏಳುತ್ತದೆ, ಗೇಟಿನಲ್ಲಿ ಬ್ಯಾರಿಕೇಡ್ ಬೀಳುತ್ತದೆ. ಹಿಂದಿನವರಿಗೆ ಮುಂದೆ ಏನಾಗುತ್ತಿದೆ ಗೊತ್ತಿಲ್ಲ, ತಳ್ಳುತ್ತಾರೆ. ಮುಂದಿನವರಿಗೆ ಹಿಂದೆ ಸರಿಯಲು ಜಾಗವಿಲ್ಲ. ಅದು ಪೊಲೀಸರ ಕಣ್ಣಿಗೆ ದಾಳಿಯಂತೆ ಕಾಣುತ್ತದೆ. ಬಿಎನ್‌ಎಸ್‌ಎಸ್ ಎಂಬ ಹೊಸ ಅಪರಾಧ ಪ್ರಕ್ರಿಯಾ ಕಾನೂನಿನ ಸೆಕ್ಷನ್ 148ರ ಕ್ರಮ ಸ್ಪಷ್ಟ: ಮೊದಲು ಚದುರಲು ಆದೇಶ, ಕೇಳದಿದ್ದರೆ ಮಾತ್ರ ಬಲಪ್ರಯೋಗ. ಆದರೆ ಕೈಮೈಕಿನ ಆದೇಶ ಹಿಂದಿನ ಸಾಲಿಗೆ ಕೇಳಿಸಿತೇ ಎಂದು ನೋಡುವವರು ಕಡಿಮೆ.

ಬಸ್ಸಿಗೆ ಹತ್ತಿಸಿದರೆ ಮೊದಲು ಕೇಳಬೇಕಾದ್ದು ಸೆಕ್ಷನ್ ಯಾವುದು ಎಂದು. ಅದೇ ಕಾನೂನಿನ 170 ಆದರೆ ಮುನ್ನೆಚ್ಚರಿಕೆಯ ಬಂಧನ. 172 ಹೊಸದು, ಪೊಲೀಸರ ಸೂಚನೆ ಪಾಲಿಸದವರನ್ನು ಅಲ್ಲಿಂದ ಕರೆದೊಯ್ಯುವ ಅಧಿಕಾರ. ಎರಡರಲ್ಲೂ ಗಡುವು 24 ಗಂಟೆ. ಬಂಧನ ಎಂದಾದರೆ ಸಾಕ್ಷಿಯ ಸಹಿ ಇರುವ ಮೆಮೊ, ಮನೆಯವರಿಗೆ ತಿಳಿಸುವುದು, ವಕೀಲರ ಭೇಟಿ ಕಡ್ಡಾಯ. ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸಲು ಅಸಾಧಾರಣ ಕಾರಣ, ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಮೂರೂ ಬೇಕು. ಎಷ್ಟೋ ಸಲ ಸಂಜೆ ಹೆಸರು, ಫೋನ್ ನಂಬರ್ ಬರೆದುಕೊಂಡು ಕಳಿಸಿಬಿಡುತ್ತಾರೆ. ಆಗ ಸಮಾಧಾನ ಅನ್ನಿಸಿದರೂ ಆ ದಿನ ವಶದಲ್ಲಿದ್ದೆ ಎನ್ನಲು ಕೈಯಲ್ಲಿ ಒಂದು ಚೀಟಿಯೂ ಉಳಿಯುವುದಿಲ್ಲ.

ಬೆಳಗಾವಿಗೆ ಅಂಕ ಕಡಿಮೆಯಾಗಲು ಅರ್ಧ ಕಾರಣ ಜಾಗ. ಸುವರ್ಣಸೌಧ ಇರುವುದು ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ. ಚಳಿಗಾಲದ ಅಧಿವೇಶನ ಬಂತೆಂದರೆ ಸುವರ್ಣ ಗಾರ್ಡನ್, ಕೊಂಡಸಕೊಪ್ಪದಲ್ಲಿ ಟೆಂಟ್ ಹಾಕುತ್ತಾರೆ. ಟೆಂಟಿನಲ್ಲಿ ಹಿಡಿಸದಷ್ಟು ಜನ ಹೆದ್ದಾರಿಗೆ ಬಂದರೆ ಲಾರಿಗಳು ನಿಲ್ಲುತ್ತವೆ, ಮೇಲಿನಿಂದ ಫೋನ್ ಬರುತ್ತದೆ, ಮಾತುಕತೆಗೆ ಕೊಡಬೇಕಾದ ಸಮಯ ಲಾಠಿಗೆ ಹೋಗುತ್ತದೆ. 2024ರ ಡಿಸೆಂಬರ್ 10ರಂದು ಲಿಂಗಾಯತ ಪಂಚಮಸಾಲಿ ಸಮುದಾಯದ ಮೀಸಲಾತಿ ಹೋರಾಟಗಾರರು ಬ್ಯಾರಿಕೇಡ್ ದಾಟಿ ಸೌಧದತ್ತ ನುಗ್ಗಲು ಹೊರಟಾಗ ಲಾಠಿ ಬೀಸಿದ್ದು ರಾಜ್ಯವೇ ನೋಡಿತು. ಕಲ್ಲು ತೂರಿದರು ಎಂದು ಸರ್ಕಾರ, ಸುಮ್ಮನೆ ಹೊಡೆದರು ಎಂದು ಹೋರಾಟಗಾರರು.

ಇನ್ನೊಂದು ಸಣ್ಣ ವಿಷಯ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ ಅದೇ ಕಾನೂನಿನ ಸೆಕ್ಷನ್ 36. ಗಲಭೆ ಕವಚ ತೊಟ್ಟರೆ ನಾಮಫಲಕ ಅದರಡಿ ಮುಚ್ಚಿಹೋಗುತ್ತದೆ. ಕವಚದ ಮೇಲೆ ಹೆಸರು, ನಂಬರ್ ಅಂಟಿಸಿದರೆ ಇನ್ನರ್ಧ ಸ್ಟಾರ್ ಇಂದೇ ಕೊಡಬಹುದು.